ಕೋಣೆಯೊಳಗಿನ ಕಾಳಗಕ್ಕೆ ಯಾವ ಕೋವಿ, ಯಾವ ಗುಂಡು? – ಓದುಗರ ಪ್ರಶ್ನೆಗೆ ಉತ್ತರ

ಸೇನೆಗೆ ಹೊಸ ಕಾರ್ಬೈನ್ (ಗಿಡ್ಡ ನಳಿಗೆಯ ಹಗುರ ಕೋವಿ) ಬರುವ ಸುದ್ದಿಯ ಹಿಂದೆಯೇ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಸಾಲುಸಾಲಾಗಿ ಪತ್ರಗಳು ಬಂದಿವೆ. ಬರೆದವರಲ್ಲಿ ಎನ್‌ಸಿಸಿ ಕೆಡೆಟ್‌ಗಳಿದ್ದಾರೆ, ಅರೆಸೇನಾ ಪಡೆಗಳ ಪರೀಕ್ಷೆಗೆ ಓದುತ್ತಿರುವವರಿದ್ದಾರೆ, ಮನೆ ಕಟ್ಟುವ ಗುತ್ತಿಗೆದಾರರೂ ಇದ್ದಾರೆ. ಮನೆ, ಗಲ್ಲಿ, ಮೆಟ್ಟಿಲು, ಕಾರಿಡಾರ್‌ಗಳಲ್ಲಿ ನಡೆಯುವ ಕಾದಾಟಕ್ಕೆ ಯಾವ ರೈಫಲ್, ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಸರಿ ಎಂಬುದೇ ಎಲ್ಲರ ಕುತೂಹಲ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಸೇನೆಯಲ್ಲಿ 7.62×51 ಮಿ.ಮೀ. ಗುಂಡಿನ ಸಿಗ್ 716 ಇದೆ. ಹಳೆಯ 5.56 ಮಿ.ಮೀ. ಇನ್ಸಾಸ್ ರೈಫಲ್‌ಗಿಂತ ಬಹಳ ಬಲಶಾಲಿ ಎನ್ನುತ್ತಾರೆ. ಕೋಣೆಯೊಳಗೂ ಅದನ್ನೇ ಬಳಸಿದರಾಗದೆ? ಬೇರೆ ಕಾರ್ಬೈನ್ ಯಾಕೆ ಬೇಕು? – ಎನ್‌ಸಿಸಿ ಕೆಡೆಟ್, ಗುಬ್ಬಿ

ಬಳಸಬಹುದು, ಬಳಸಿದವರೂ ಇದ್ದಾರೆ. ಆದರೆ ಅದರ ಬೆಲೆಯನ್ನು ತೂಕದಲ್ಲಿ, ಹೆಗಲಿಗೆ ಬೀಳುವ ಧಕ್ಕೆಯಲ್ಲಿ ಮತ್ತು ಗೋಡೆಯಾಚೆ ಇರುವವರ ಜೀವದಲ್ಲಿ ತೆರಬೇಕಾಗುತ್ತದೆ.

ಅಂಕಿಗಳನ್ನೇ ನೋಡಿ (ಗುಂಡಿನ ಹೆಸರಲ್ಲಿ ಮೊದಲ ಅಂಕಿ ಅದರ ದಪ್ಪ, ಎರಡನೆಯದು ಅದರ ಹಿತ್ತಾಳೆ ಕೋಶದ ಉದ್ದ, ಎರಡೂ ಮಿ.ಮೀ.ನಲ್ಲಿ). 9×19 ಮಿ.ಮೀ. ಪಿಸ್ತೂಲು ಗುಂಡಿಗೆ ಕಾರ್ಬೈನಿನ ನಳಿಗೆಯಿಂದ ಹೊರಬೀಳುವಾಗ ಇರುವ ಶಕ್ತಿ ಸುಮಾರು 500 ಜೂಲ್. 5.56×45ಕ್ಕೆ ಉದ್ದ ನಳಿಗೆಯಲ್ಲಿ ಸುಮಾರು 1,700. ಎಕೆ-47ರ 7.62×39ಕ್ಕೆ ಸುಮಾರು 2,000. 7.62×51ಕ್ಕೆ 3,000 ದಾಟುತ್ತದೆ. ಈ ಕೊನೆಯ ಗುಂಡನ್ನು ರೂಪಿಸಿದ್ದು ಆರುನೂರು, ಎಂಟುನೂರು ಮೀಟರ್ ದೂರಕ್ಕೂ ಶಕ್ತಿ ಉಳಿಯಲೆಂದು. ಗಡಿಯ ಬೆಟ್ಟಗಳಲ್ಲಿ ಅದು ಬೇಕೇ ಬೇಕು. 2019ರಲ್ಲಿ 72,400 ಸಿಗ್ ರೈಫಲ್‌ಗಳನ್ನು ತರಿಸಿದ್ದು ಆ ಅಗತ್ಯಕ್ಕೆ. ಹತ್ತು ಮೀಟರ್ ಕಾರಿಡಾರಿನಲ್ಲಿ ಆ ಹೆಚ್ಚುವರಿ ಶಕ್ತಿಗೆ ಕೆಲಸವಿಲ್ಲ. ಗುರಿಯನ್ನು ದಾಟಿ ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಹೆಗಲಿಗೆ ತಾಗುವ ಧಕ್ಕೆ 5.56ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು. ಮೊದಲ ಗುಂಡು ಹಾರಿದ ಮೇಲೆ ನಳಿಗೆಯ ತುದಿ ಎಷ್ಟು ಮೇಲೇಳುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಗುರಿಗೆ ಬರುತ್ತದೆ ಎಂಬುದರ ಮೇಲೆ ಕೋಣೆಯೊಳಗಿನ ಕಾಳಗ ನಿಂತಿದೆ. ಎರಡನೆಯ, ಮೂರನೆಯ ಗುಂಡು ಬೇಗ ಮತ್ತು ಸರಿಯಾದ ಜಾಗಕ್ಕೆ ಬೀಳಬೇಕು. ಸಣ್ಣ ಮೈಕಟ್ಟಿನ ಸೈನಿಕ ಜಾಕೆಟ್ಟು, ಹೆಲ್ಮೆಟ್ಟು ಹೊತ್ತು ಮೂರು ಮಹಡಿ ಹತ್ತಿದ ಮೇಲೆ ಈ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ.

ಇನ್ನು ತೂಕ. 5.56ರ ಒಂದು ತೋಟಾ (ಗುಂಡು, ಮದ್ದು, ಕೋಶ ಎಲ್ಲ ಸೇರಿ) ಸುಮಾರು 12 ಗ್ರಾಂ, 7.62×51ರದ್ದು ಅದರ ಎರಡರಷ್ಟು. 210 ತೋಟಾ ಹೊರುವ ತೂಕದಲ್ಲಿ ದೊಡ್ಡ ಗುಂಡು ನೂರರ ಆಸುಪಾಸು ಮಾತ್ರ ಸಿಗುತ್ತದೆ. ಮ್ಯಾಗಜೀನಿನಲ್ಲೂ 30ರ ಬದಲು 20. ಮನೆಮನೆ ಹೊಕ್ಕು ಶೋಧಿಸುವಾಗ ಗುಂಡು ಖರ್ಚಾಗುವ ವೇಗ ಬಯಲಿಗಿಂತ ಜಾಸ್ತಿ. ಮ್ಯಾಗಜೀನ್ ಖಾಲಿಯಾಗುವ ಗಳಿಗೆ ಬಾಗಿಲಲ್ಲೇ ಬರಬಾರದು.

ನಮ್ಮ ಕಡೆಯ ಗೋಡೆಗಳು ಗುಂಡು ತಡೆಯುತ್ತವೆಯೆ? ಇಟ್ಟಿಗೆ, ಹಾಲೋಬ್ಲಾಕ್, ಕಲ್ಲುಚಪ್ಪಡಿ – ಯಾವುದು ಎಷ್ಟು? – ಕಟ್ಟಡ ಗುತ್ತಿಗೆದಾರ, ಮಾಲೂರು

ಕ್ಯಾಲಿಬರ್ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಗುಂಡಿನ ಬಗ್ಗೆ ಬರೆಯುವ ಬಹುತೇಕರು ಅಮೆರಿಕದ ಜಿಪ್ಸಂ ಹಲಗೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಾರೆ. ನಮ್ಮ ಊರುಗಳ ಲೆಕ್ಕವೇ ಬೇರೆ.

ಒಂಬತ್ತು ಇಂಚಿನ, ಸಿಮೆಂಟ್ ಗಾರೆಯಲ್ಲಿ ಕಟ್ಟಿದ ಸುಟ್ಟಿಟ್ಟಿಗೆಯ ಗೋಡೆಯನ್ನು 5.56ರ ಒಂದೆರಡು ಗುಂಡು ದಾಟುವುದಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದರೆ ಇಟ್ಟಿಗೆ ಪುಡಿಯಾಗುತ್ತಾ ಹೋಗಿ ಕೊನೆಗೆ ತೂತಾಗುತ್ತದೆ. 7.62×51 ಆ ಕೆಲಸವನ್ನು ಬೇಗ ಮಾಡುತ್ತದೆ. ಒಳಗೋಡೆಗೆ ಹಾಕುವ ನಾಲ್ಕೂವರೆ ಇಂಚಿನ ಗೋಡೆಯನ್ನು ಮಾತ್ರ ಯಾವ ರೈಫಲ್ ಗುಂಡಿನ ಎದುರಿಗೂ ನಂಬಬಾರದು. ಅದು ಮರೆ ಕೊಟ್ಟೀತು, ರಕ್ಷಣೆ ಕೊಡುವುದಿಲ್ಲ. ನಾಲ್ಕು ಇಂಚಿನ ಹಾಲೋಬ್ಲಾಕ್ ಇನ್ನೂ ಕಡೆ. ಎರಡು ತೆಳು ಸಿಮೆಂಟ್ ಪದರ, ನಡುವೆ ಬರೀ ಗಾಳಿ. ಅದೇ ಟೊಳ್ಳಿಗೆ ಮರಳು ತುಂಬಿದರೆ ಗೋಡೆಯ ಗುಣವೇ ಬದಲಾಗುತ್ತದೆ, ಏಕೆಂದರೆ ಸಡಿಲ ಮರಳು ಗುಂಡಿನ ವೇಗವನ್ನು ಬಹಳ ಬೇಗ ನುಂಗುತ್ತದೆ. ಹಳೆಯ ಮನೆಗಳ ಒಂದೂವರೆ ಅಡಿ ಮಣ್ಣುಗೋಡೆ ನೋಡಲು ಬಡಪಾಯಿ ಅನಿಸಿದರೂ ಗುಂಡಿನ ಮಟ್ಟಿಗೆ ಗಟ್ಟಿ.

ಕೋಲಾರ, ಚಿಕ್ಕಬಳ್ಳಾಪುರದ ಕಲ್ಲುಚಪ್ಪಡಿಯ ಮನೆಗಳಲ್ಲಿ ತೊಂದರೆ ಬೇರೆ ಥರದ್ದು. ಗ್ರಾನೈಟ್ ಗುಂಡನ್ನು ತಡೆಯುತ್ತದೆ, ಆದರೆ ಸುಮ್ಮನೆ ತಡೆಯುವುದಿಲ್ಲ. ನೇರವಾಗಿ ಬಡಿದರೆ ಗುಂಡಿನ ತಾಮ್ರದ ಹೊದಿಕೆ, ಸೀಸ ಮತ್ತು ಕಲ್ಲಿನ ಚಕ್ಕೆ ಎಲ್ಲ ಸೇರಿ ಹಿಂದಕ್ಕೆ ಚಿಮ್ಮುತ್ತದೆ. ಓರೆಯಾಗಿ ಬಡಿದರೆ ಪುಟಿದು ಗೋಡೆಯ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಗೋಡೆಯಿಂದ ಬಹಳ ದೂರ ಹೋಗದೆ ಸಾಗುತ್ತದೆ. ಹಾಗಾಗಿ ಗಲ್ಲಿಯಲ್ಲಿ ಸಾಗುವಾಗ ಬೆನ್ನನ್ನು ಗೋಡೆಗೆ ಉಜ್ಜಿಕೊಂಡು ಹೋಗಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಒಂದು ಗೇಣಿಗಿಂತ ಹೆಚ್ಚು ಅಂತರ ಬಿಟ್ಟು ನಡೆಯಬೇಕು. ಸಿನಿಮಾದಲ್ಲಿ ಕಾಣುವುದು ಇದಕ್ಕೆ ಪೂರ್ತಿ ವಿರುದ್ಧ.

ಇನ್ನೊಂದು ಸಂಗತಿ ಮೊದಲ ಓದಿಗೆ ತಲೆಕೆಳಗಾಗಿ ಕಾಣಬಹುದು. 5.56ರ ಗುಂಡು ಗಟ್ಟಿ ಗೋಡೆಯನ್ನು 20 ಮೀಟರಿನಿಂದ ಕೊರೆಯುವುದಕ್ಕಿಂತ 200 ಮೀಟರಿನಿಂದ ಚೆನ್ನಾಗಿ ಕೊರೆಯುತ್ತದೆ. ತೀರ ಹತ್ತಿರದಲ್ಲಿ ವೇಗ ಅತಿಯಾಗಿರುವುದರಿಂದ ಬಡಿದ ಕೂಡಲೆ ಗುಂಡು ತಾನೇ ಒಡೆದುಹೋಗುತ್ತದೆ. ದೂರ ಹೋದಂತೆ ಗುಂಡಿನ ಅಲುಗಾಟ ನಿಂತು, ವೇಗವೂ ಇಳಿದು, ಇಡಿಯಾಗಿ ಒಳನುಗ್ಗುತ್ತದೆ. ನಗರದ ಕಾಳಗದಲ್ಲಿ ಈ ಒಡೆಯುವ ಗುಣ ನಾಗರಿಕರ ಪಾಲಿಗೆ ಒಳ್ಳೆಯದೇ. ಪಕ್ಕದ ಮನೆಗೆ ಹೋಗುವುದು ಚೂರುಪಾರು, ಇಡೀ ಗುಂಡಲ್ಲ. ಆದರೆ ಜಿಪ್ಸಂ ಹಲಗೆ, ಪ್ಲೈವುಡ್, ಗಾಜು, ತಗಡು, ಕಬ್ಬಿಣದ ಬೀರು ಇವುಗಳಿಂದ ಯಾವ ಕ್ಯಾಲಿಬರಿಗೂ ತಡೆಯಿಲ್ಲ. ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರ ಲೈನ್ ಮನೆಗಳಂಥ ಜಾಗ ನೆನೆಸಿಕೊಳ್ಳಿ. ಒಂದಕ್ಕೊಂದು ಅಂಟಿದ ಗೂಡುಗಳು, ನಡುವೆ ತೆಳು ಗೋಡೆ, ಮೇಲೆ ಶೀಟು. ಅಂಥ ಕಡೆ 7.62×51 ಹಾರಿಸಿದರೆ ಆ ಗುಂಡು ಎಷ್ಟನೆಯ ಮನೆಯಲ್ಲಿ ನಿಲ್ಲುತ್ತದೆಂದು ಹಾರಿಸಿದವನಿಗೂ ಗೊತ್ತಿರುವುದಿಲ್ಲ.

ನಳಿಗೆ ಗಿಡ್ಡವಾದಷ್ಟೂ ಕೋಣೆಯೊಳಗೆ ಅನುಕೂಲ ಅಲ್ಲವೆ? ಹಾಗಾದರೆ ಎಲ್ಲ ರೈಫಲ್‌ಗಳನ್ನೂ ಗಿಡ್ಡ ಮಾಡಬಹುದಲ್ಲ? – ಶಿರಾದ ಓದುಗರು

ಅನುಕೂಲ ಹೌದು. ಮನೆಯ ಮಾಮೂಲಿ ಬಾಗಿಲು ಮೂರಡಿ, ಅಂದರೆ 91 ಸೆಂ.ಮೀ. ಅಗಲ. ಇನ್ಸಾಸ್ ರೈಫಲಿನ ಉದ್ದ 96 ಸೆಂ.ಮೀ. ಬಾಗಿಲಿನ ಅಗಲಕ್ಕಿಂತ ಕೋವಿಯೇ ಉದ್ದ. ಬಾಗಿಲಲ್ಲಿ ತಿರುಗಬೇಕಾದವನು ಮೊದಲು ಮೂತಿಯನ್ನು ಇಳಿಸಬೇಕು ಇಲ್ಲವೆ ಎತ್ತಬೇಕು. ಇಲ್ಲವಾದರೆ ಅವನ ತಲೆಗಿಂತ ಮುಂಚೆ ಅರ್ಧ ಮೀಟರ್ ಕಬ್ಬಿಣ ಒಳಕೋಣೆಗೆ ಕಾಣಿಸಿಕೊಳ್ಳುತ್ತದೆ, ಒಳಗಿದ್ದವನು ಅದನ್ನು ಹಿಡಿದೆಳೆಯಲೂಬಹುದು. ಅಮೆರಿಕದ ಎಂ4 ಕಾರ್ಬೈನ್ ಬಟ್ಟನ್ನು (ಹೆಗಲಿಗೆ ಒತ್ತುವ ಹಿಂಭಾಗ) ಪೂರ್ತಿ ಎಳೆದಾಗ 84 ಸೆಂ.ಮೀ., ಒತ್ತಿದಾಗ 76. ನಮ್ಮ ಸೇನೆಯ ಹೊಸ ರೈಫಲ್ ಎಕೆ-203ರ ಬಟ್ಟನ್ನು ಮಡಚಿದರೆ ಸುಮಾರು 70. ಮಡಚಿ ಹಾರಿಸಬಹುದು, ಆದರೆ ಗುರಿ ಸಿಗದು. ಜೀಪಿನಿಂದ ಇಳಿಯುವಾಗ, ಕಿಟಕಿ ತೂರುವಾಗ ಮಡಚಿ, ಒಳಗೆ ಕಾಲಿಟ್ಟ ಕೂಡಲೆ ಬಿಡಿಸಿ ಹೆಗಲಿಗೇರಿಸುವುದೇ ಸರಿಯಾದ ಕ್ರಮ.

ಇನ್ನೊಂದು ಮಗ್ಗುಲಿದೆ. 5.56ರ ಗುಂಡು ಬರೀ 4 ಗ್ರಾಂ. ಅದರ ಪರಿಣಾಮವೆಲ್ಲ ವೇಗದಿಂದ ಬರುವಂಥದ್ದು. ತುದಿಗೆ ಹಸಿರು ಬಳಿದ ನೇಟೋ ಮಾದರಿಯ 62 ಗ್ರೇನ್ (ಅಂದರೆ 4 ಗ್ರಾಂ) ಗುಂಡು 20 ಇಂಚಿನ ನಳಿಗೆಯಿಂದ ಸೆಕೆಂಡಿಗೆ ಸುಮಾರು 940 ಮೀಟರ್ ವೇಗದಲ್ಲಿ ಹೊರಬಿದ್ದರೆ, 14.5 ಇಂಚಿನದರಿಂದ 880–900, ಹತ್ತೂವರೆ ಇಂಚಿನದರಿಂದ 800ರ ಸುತ್ತಮುತ್ತ. ಮೈಗೆ ಹೊಕ್ಕ ಗುಂಡು ಒಡೆಯಲು ಬೇಕಾದ ವೇಗ ಸರಿಸುಮಾರು 760ರಿಂದ 820. ಅಂದರೆ ಹತ್ತೂವರೆ ಇಂಚಿನ ನಳಿಗೆಯಲ್ಲಿ ಆ ಗುಣ ಕೋಣೆಯ ಅಳತೆಗೇ ಮುಗಿದುಹೋಗುತ್ತದೆ. ಬೀದಿಯ ಆ ತುದಿಗೆ ಬೀಳುವ ಗುಂಡು ಸಣ್ಣ ತೂತು ಮಾಡಿ ಆಚೆಗೆ ಹೋಗಬಹುದು. 1993ರ ಮೊಗದಿಶು ಕಾಳಗದ ಬಳಿಕ ಈ ಹಸಿರು ತುದಿಯ ಗುಂಡಿನ ಬಗ್ಗೆ ಅಮೆರಿಕದ ಸೈನಿಕರಿಂದ ದೂರು ಬಂದದ್ದೂ ಇಂಥದೇ. ಮುಂದೆ ಗಿಡ್ಡ ನಳಿಗೆಯಲ್ಲೂ ಕೆಲಸ ಮಾಡುವಂತೆ 77 ಗ್ರೇನಿನ ಭಾರದ ಗುಂಡು, 2010ರಲ್ಲಿ ಎಂ855ಎ1 ಎಂಬ ಹೊಸ ಗುಂಡು ಬಂದವು.

ಹಾಗಾಗಿ ನಳಿಗೆ ಮತ್ತು ಗುಂಡನ್ನು ಬೇರೆ ಬೇರೆಯಾಗಿ ಆರಿಸಲಾಗದು. ಬರೀ ಕಟ್ಟಡದೊಳಗಿನ ಕೆಲಸವಾದರೆ 10–11 ಇಂಚು ಸಾಕು, ಅದಕ್ಕೆ ಹೊಂದುವ ಗುಂಡು ಬೇಕು. ಕಟ್ಟಡದಿಂದ ಬೀದಿಗೆ, ಬೀದಿಯಿಂದ ಮಹಡಿಗೆ ಹೋಗುತ್ತಾ ಇರಬೇಕಾದ ಮಾಮೂಲಿ ಪದಾತಿಗೆ 13ರಿಂದ 16 ಇಂಚು ಹದ. ನಗರದ ಕಾಳಗ ಎಂದರೆ ಬರೀ ಕೋಣೆ ಎಂದುಕೊಂಡರೆ ತಪ್ಪು. ತುಮಕೂರಿನ ಬಿ.ಎಚ್. ರಸ್ತೆಯಂಥ ನೇರ ರಸ್ತೆಯ ಒಂದು ತುದಿಯಲ್ಲಿ ನಿಂತರೆ ನೋಟ ನಾಲ್ಕುನೂರು ಮೀಟರ್ ಆರಾಮಾಗಿ ಹೋಗುತ್ತದೆ.

ಹಳೆಯ 9 ಮಿ.ಮೀ. ಕಾರ್ಬೈನ್ ಕೋಣೆಯೊಳಗಿನ ಕೆಲಸಕ್ಕೆಂದೇ ಇದ್ದದ್ದಲ್ಲವೆ? ಅದನ್ನು ಯಾಕೆ ಬಿಟ್ಟರು? – ನಿವೃತ್ತ ಶಿಕ್ಷಕಿ, ಚಿಂತಾಮಣಿ

ಸ್ಟರ್ಲಿಂಗ್ ಮಾದರಿಯ ಆ ಕಾರ್ಬೈನ್ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿತ್ತು. ಮ್ಯಾಗಜೀನಿನಲ್ಲಿ 34 ಗುಂಡು, ಹಗುರ, ಗಿಡ್ಡ, ಸರಳ. ಅದರ ಕಾಲಕ್ಕೆ ಒಳ್ಳೆಯ ಆಯುಧ. ಆದರೆ ಅದು ತೆರೆದ ಬೋಲ್ಟಿನದು (ಬೋಲ್ಟ್ ಎಂದರೆ ತೋಟಾವನ್ನು ಮುಂದಕ್ಕೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಲೋಹದ ತುಂಡು). ಕುದುರೆ (ಟ್ರಿಗರ್) ಎಳೆದಾಗ ಭಾರದ ಬೋಲ್ಟ್ ಹಿಂದಿನಿಂದ ಮುಂದಕ್ಕೆ ಓಡಿಬಂದು ಬಡಿದ ಮೇಲೆ ಗುಂಡು ಹಾರುತ್ತದೆ, ಅಷ್ಟರಲ್ಲಿ ಗುರಿ ಕದಲಿರುತ್ತದೆ. ಎಂಪಿ5 ಅದೇ 9 ಮಿ.ಮೀ. ಗುಂಡಿನದಾದರೂ ಮುಚ್ಚಿದ ಬೋಲ್ಟಿನಿಂದ ಹಾರಿಸುತ್ತದೆ. ಎನ್ಎಸ್‌ಜಿ ಕಮಾಂಡೊ ಪಡೆ ಅದನ್ನು ಇಷ್ಟು ವರ್ಷ ಹಿಡಿದದ್ದಕ್ಕೆ ಈ ನಿಖರತೆ ದೊಡ್ಡ ಕಾರಣ.

9 ಮಿ.ಮೀ.ಗೆ ನಿಜವಾದ ಪೆಟ್ಟು ಕೊಟ್ಟದ್ದು ಗುಂಡುನಿರೋಧಕ ಜಾಕೆಟ್ಟು. ಬಟ್ಟೆಯಂತೆ ಮಡಚಬಹುದಾದ ಮೆತ್ತನೆಯ ಜಾಕೆಟ್ಟೂ ಅದನ್ನು ತಡೆಯುತ್ತದೆ. ಎದುರಾಳಿ ಎಕೆ ಹಿಡಿದು ಬಂದಾಗ ಐವತ್ತು ಮೀಟರ್ ಆಚೆಗೆ ಅದು ಸಾಟಿಯೂ ಅಲ್ಲ. 2008ರ ನವೆಂಬರಿನಲ್ಲಿ ಮುಂಬೈಯ ತಾಜ್, ಒಬೆರಾಯ್, ನರಿಮನ್ ಹೌಸ್‌ಗಳಲ್ಲಿ ನಡೆದದ್ದು ಪೂರ್ತಿ ಕೋಣೆ–ಕಾರಿಡಾರಿನ ಕಾಳಗ, ಉಗ್ರರ ಕೈಯಲ್ಲಿದ್ದದ್ದು ಎಕೆ ಮಾದರಿಯ ರೈಫಲ್.

ನಡುವಿನ ದಾರಿಯಾಗಿ ಪುಣೆಯ ಎಆರ್‌ಡಿಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ 5.56×30 ಎಂಬ ಚಿಕ್ಕ ತೋಟಾದ ಜೆವಿಪಿಸಿ ಕಾರ್ಬೈನನ್ನು ರೂಪಿಸಿತು, ಅರೆಸೇನಾ ಪಡೆಗಳು ಬಳಸುತ್ತಿವೆ. ಸೇನೆ ಮಾತ್ರ ರೈಫಲ್ ಗುಂಡೇ ಬೇಕೆಂದಿತು. 2025ರ ಡಿಸೆಂಬರಿನಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ 5.56×45 ಕಾರ್ಬೈನ್‌ಗಳಿಗೆ ಒಪ್ಪಂದವಾಯಿತು. ಸರಿಯಾದ ನಿರ್ಧಾರ. ಇನ್ಸಾಸ್ ಲೈಟ್ ಮೆಷಿನ್‌ಗನ್ನಿನ ಗುಂಡನ್ನೇ ಕಾರ್ಬೈನಿಗೂ ಹಾಕಬಹುದಾದರೆ ಸರಬರಾಜಿನ ಅರ್ಧ ತಲೆನೋವು ಕಡಿಮೆ.

ಇಸ್ರೇಲಿನ ಟಾವೋರ್ ಥರದ, ಮ್ಯಾಗಜೀನ್ ಹಿಂದಿರುವ ರೈಫಲ್ ಒಳ್ಳೆಯದೆ? – ಪಿಯು ವಿದ್ಯಾರ್ಥಿ, ಕೆಜಿಎಫ್

ಉದ್ದದ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ. ಟಾವೋರ್ 21ರ ನಳಿಗೆ 46 ಸೆಂ.ಮೀ., ಇನ್ಸಾಸಿನದೂ 46. ಆದರೆ ಇನ್ಸಾಸ್ 96 ಸೆಂ.ಮೀ. ಇದ್ದರೆ ಟಾವೋರ್ 72. ವೇಗ ಬಿಟ್ಟುಕೊಡದೆ ಒಂದು ಗೇಣು ಉಳಿತಾಯ. ಚಿಕ್ಕ ತಮ್ಮ ಎಕ್ಸ್95ರ ಒಟ್ಟು ಉದ್ದ 58, ನಳಿಗೆ 33.

ತೊಂದರೆ ಇರುವುದು ಮೂಲೆಯಲ್ಲಿ. ಖಾಲಿ ತೋಟಾ ಹೊರಬೀಳುವ ಕಿಂಡಿ ಕೆನ್ನೆಯ ಪಕ್ಕದಲ್ಲೇ ಇರುತ್ತದೆ. ಎಡ ಮೂಲೆಯನ್ನು ಬಳಸಿ ನೋಡಬೇಕಾದಾಗ ಕೋವಿಯನ್ನು ಎಡ ಹೆಗಲಿಗೆ ಬದಲಾಯಿಸಿದರೆ ಬಿಸಿ ಹಿತ್ತಾಳೆ ಮುಖಕ್ಕೇ ಬಡಿಯುತ್ತದೆ. ಬ್ರಿಟಿಷರ ಎಲ್85 ಅನ್ನು ಬಲ ಹೆಗಲಿನಿಂದ ಮಾತ್ರ ಹಾರಿಸಬಹುದು. ಟಾವೋರನ್ನು ಎಡಗೈಯವರಿಗಾಗಿ ಭಾಗ ಬದಲಿಸಿ ಹೊಂದಿಸಬಹುದು, ಆದರೆ ಕಾಳಗದ ನಡುವೆ ಅಲ್ಲ. ಜೊತೆಗೆ ಮ್ಯಾಗಜೀನ್ ಬದಲಿಸುವ ಜಾಗ ಕಂಕುಳ ಹತ್ತಿರ. ದಪ್ಪ ಜಾಕೆಟ್ಟು ಹಾಕಿಕೊಂಡು ಅಭ್ಯಾಸವಿಲ್ಲದೆ ಮಾಡಿದರೆ ಕೈ ತಡವರಿಸುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡುವ ವಿಶೇಷ ಪಡೆಗೆ ಸರಿ. ಲಕ್ಷಾಂತರ ಜನರ ಪದಾತಿ ಪಡೆಗೆ ಮಾಮೂಲಿ ವಿನ್ಯಾಸವೇ ವಾಸಿ.

ಗಿಡ್ಡ ರೈಫಲ್‌ಗಳು ಹೆಚ್ಚು ಸಿಕ್ಕಿಕೊಳ್ಳುತ್ತವೆ ಎಂದು ಓದಿದೆ. ಯಾಕೆ? ಸಿಕ್ಕಿಕೊಂಡರೆ ಏನು ಮಾಡಬೇಕು? – ಅರೆಸೇನಾ ಪಡೆಯ ಆಕಾಂಕ್ಷಿ, ಗೌರಿಬಿದನೂರು

ಗ್ಯಾಸಿನಿಂದ ನಡೆಯುವ ರೈಫಲ್‌ನಲ್ಲಿ ನಳಿಗೆಯ ಮೇಲೊಂದು ಸಣ್ಣ ರಂಧ್ರವಿರುತ್ತದೆ. ಗುಂಡು ಆ ರಂಧ್ರ ದಾಟಿದ ಗಳಿಗೆಯಿಂದ ಮೂತಿ ಬಿಡುವ ತನಕ ಮಾತ್ರ ಗ್ಯಾಸಿನ ಒತ್ತಡ ಬೋಲ್ಟಿಗೆ ಸಿಗುತ್ತದೆ. ನಳಿಗೆ ಕತ್ತರಿಸಿದರೆ ಆ ಹೊತ್ತು ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ರಂಧ್ರವನ್ನು ಹಿಗ್ಗಿಸುತ್ತಾರೆ. ಆಗ ಬೋಲ್ಟ್ ಜೋರಾಗಿ ಹಿಂದಕ್ಕೆ ಬರುತ್ತದೆ. ಗ್ಯಾಸಿನ ಒತ್ತಡಕ್ಕೆ ಹಿಗ್ಗಿ ಚೇಂಬರಿಗೆ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಅಂಟಿರುವ ತೋಟಾ ಸಡಿಲವಾಗುವ ಮೊದಲೇ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಅದನ್ನು ಎಳೆಯುತ್ತದೆ. ಒಂದೋ ತೋಟಾದ ಅಂಚು ಹರಿಯುತ್ತದೆ, ಇಲ್ಲವೆ ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್ ಸೋಲುತ್ತದೆ. ಬೋಲ್ಟಿನ ವೇಗಕ್ಕೆ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ಗುಂಡನ್ನು ಹೊತ್ತಿಗೆ ಸರಿಯಾಗಿ ಎತ್ತಲಾಗದೆ ಖಾಲಿ ಚೇಂಬರಿನ ಮೇಲೆ ಬೋಲ್ಟ್ ಮುಚ್ಚುವುದೂ ಉಂಟು. ಹೀಗಾಗಿ ಗಿಡ್ಡ ನಳಿಗೆಗೆ ಬೋಲ್ಟಿನ ಓಟವನ್ನು ತಗ್ಗಿಸುವ ಭಾರದ ಬಫರ್ ಹಾಕುತ್ತಾರೆ, ಸ್ಪ್ರಿಂಗ್‌ಗಳನ್ನು ಮಾಮೂಲಿಗಿಂತ ಬೇಗ ಬದಲಿಸುತ್ತಾರೆ. ಎಕೆಯ ತೋಟಾ ಹೆಚ್ಚು ಮೊನಚಾಗಿ ಇಳಿಜಾರಾಗಿರುವುದರಿಂದ ಚೇಂಬರಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಅದರ ನಂಬಿಕಸ್ಥ ಹೆಸರಿಗೆ ಇದೂ ಒಂದು ಕಾರಣ.

ಆದರೂ ಸಿಕ್ಕಿಕೊಳ್ಳುವ ಬಹುಪಾಲು ಪ್ರಸಂಗಗಳ ಬೇರು ಮ್ಯಾಗಜೀನಿನಲ್ಲಿರುತ್ತದೆ. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜೀನ್‌ಗಳು ಬಿರುಕುಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಯುಮಿನಿಯಂ ಮ್ಯಾಗಜೀನಿನ ಮೇಲಂಚಿನ ತುಟಿ ಒಮ್ಮೆ ಬಿದ್ದು ಬಾಗಿದರೆ ಕಣ್ಣಿಗೆ ಕಾಣಿಸುವುದಿಲ್ಲ, ಎರಡು ಗುಂಡು ಒಟ್ಟಿಗೆ ಏರಿಬಂದಾಗ ಗೊತ್ತಾಗುತ್ತದೆ. ಪ್ರತಿ ಮ್ಯಾಗಜೀನಿಗೂ ಸಂಖ್ಯೆ ಬರೆದಿಟ್ಟು, ಎರಡು ಸಲ ಕೈಕೊಟ್ಟದ್ದನ್ನು ಮುಲಾಜಿಲ್ಲದೆ ಪಕ್ಕಕ್ಕಿಡಬೇಕು. ಪಾವಗಡದಂಥ ಧೂಳಿನ ನೆಲದಲ್ಲಿ ಮ್ಯಾಗಜೀನಿನ ಒಳಗೆ ಎಣ್ಣೆ ಸವರಬಾರದು, ಎಣ್ಣೆಗೆ ಧೂಳು ಸೇರಿದರೆ ಅರೆಯುವ ಹಿಟ್ಟಾಗುತ್ತದೆ. ಬೋಲ್ಟಿನ ಉಜ್ಜುವ ಮೈಗೆ ಮಾತ್ರ ತೆಳುವಾಗಿ ಎಣ್ಣೆ.

ಕುದುರೆ ಎಳೆದಾಗ ‘ಟಕ್’ ಎಂದು ಸುಮ್ಮನಾದರೆ ಕ್ರಮ ಹೀಗೆ: ಮ್ಯಾಗಜೀನಿನ ಅಡಿಗೆ ಜೋರಾಗಿ ತಟ್ಟಿ ಕೂರಿಸಬೇಕು, ಬೋಲ್ಟ್ ಎಳೆಯುವ ಕಾಕಿಂಗ್ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಬಿಡಬೇಕು, ಗುಂಡು ಹೊರಬಿತ್ತೇ ಎಂದು ಕಿಂಡಿ ನೋಡಬೇಕು, ಮತ್ತೆ ಗುರಿ. ಕುದುರೆ ಮೆತ್ತಗಾಗಿ, ಬೋಲ್ಟ್ ಅರ್ಧಕ್ಕೇ ನಿಂತಿದ್ದರೆ ಎರಡು ಗುಂಡು ಕಚ್ಚಿಕೊಂಡಿವೆ ಎಂದರ್ಥ. ಆಗ ತಟ್ಟಿದರೆ ಇನ್ನೂ ಬಿಗಿಯಾಗುತ್ತದೆ. ಬೋಲ್ಟನ್ನು ಹಿಂದಕ್ಕೆಳೆದು ತಡೆಹಿಡಿದು, ಮ್ಯಾಗಜೀನನ್ನು ಕಿತ್ತುಹಾಕಿ, ಎರಡು ಮೂರು ಸಲ ಬೋಲ್ಟ್ ಎಳೆದಾಡಿ ಚೇಂಬರ್ ಖಾಲಿ ಮಾಡಿ, ಹೊಸ ಮ್ಯಾಗಜೀನ್ ಹಾಕಬೇಕು. ಎದುರಾಳಿ ಮೂರು ಮೀಟರಿನಲ್ಲಿದ್ದರೆ ಇದ್ಯಾವುದಕ್ಕೂ ಹೊತ್ತಿಲ್ಲ. ಪಿಸ್ತೂಲು ತೆಗೆಯಬೇಕು, ಅದಿಲ್ಲದವನು ಒಂದು ಮಂಡಿಯೂರಿ ಪಕ್ಕದವನಿಗೆ ದಾರಿ ಬಿಡಬೇಕು. ಕೋಣೆಗೆ ಒಬ್ಬೊಬ್ಬರೇ ನುಗ್ಗದೆ ತಂಡವಾಗಿ ಹೋಗುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಹತ್ತಿರದ ಗುರಿಗೆ ಸೈಟ್ (ಗುರಿ ನೋಡುವ ಸಾಧನ) ಬೇಕೇ ಇಲ್ಲ, ನಳಿಗೆ ತೋರಿಸಿದರೆ ಸಾಕು ಎನ್ನುತ್ತಾರೆ. ಸರಿಯೆ? – ಮುಳಬಾಗಿಲು

ಸರಿಯಲ್ಲ. ಎಂ4 ಮಾದರಿಯ ರೈಫಲ್‌ನಲ್ಲಿ ಕಣ್ಣಿನ ಗೆರೆ ನಳಿಗೆಯ ನಡುಗೆರೆಗಿಂತ ಸುಮಾರು ಆರೂವರೆ ಸೆಂ.ಮೀ. ಮೇಲಿರುತ್ತದೆ. ಸೈಟನ್ನು 50 ಮೀಟರಿಗೆ ಹೊಂದಿಸಿದ್ದರೆ ಐದು ಮೀಟರಿನ ಗುರಿಗೆ ಗುಂಡು ಸೈಟಿನೊಳಗೆ ಕಾಣುವ ಕೆಂಪು ಚುಕ್ಕೆಗಿಂತ ಸುಮಾರು 6 ಸೆಂ.ಮೀ. ಕೆಳಗೆ ಬೀಳುತ್ತದೆ. ಒತ್ತೆಯಾಳು ಪಕ್ಕದಲ್ಲಿರುವಾಗ ಆರು ಸೆಂಟಿಮೀಟರ್ ಬಹಳ ದೊಡ್ಡದು. ಅಷ್ಟು ಮೇಲಕ್ಕೆ ಹಿಡಿಯುವುದನ್ನು ಅಭ್ಯಾಸದಿಂದ ಕೈಗೆ ಕಲಿಸಬೇಕು.

ಇದೇ ಆರೂವರೆ ಸೆಂಟಿಮೀಟರ್ ಇನ್ನೊಂದು ಅನಾಹುತಕ್ಕೂ ದಾರಿ. ಕಿಟಕಿಯ ಅಂಚಿನ ಮೇಲಿಂದ, ಕಾರಿನ ಬಾನೆಟ್ಟಿನ ಮೇಲಿಂದ ಹಾರಿಸುವಾಗ ಸೈಟಿಗೆ ಗುರಿ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಮೂತಿ ಮಾತ್ರ ಇನ್ನೂ ಅಂಚಿನ ಕೆಳಗೇ ಇರುತ್ತದೆ. ಗುಂಡು ತನ್ನ ಮುಂದಿನ ಕಲ್ಲಿಗೇ ಬಡಿದು ಚಕ್ಕೆ ಕಣ್ಣಿಗೆ ಹಾರುತ್ತದೆ. ಹೊಸಬರ ಕೈಯಲ್ಲಿ ಆಗಾಗ ಆಗುವ ತಪ್ಪು.

ಸೈಟಿನ ಆಯ್ಕೆಗೆ ಬಂದರೆ, ವರ್ಧನೆಯಿಲ್ಲದ ಕೆಂಪು ಚುಕ್ಕೆಯ ಸೈಟ್ ಸಾಕು, ಎರಡೂ ಕಣ್ಣು ತೆರೆದಿರಬೇಕು. ಜೊತೆಗೊಂದು ಟಾರ್ಚ್. ಕತ್ತಲಲ್ಲಿ ಎದುರಿಗಿರುವುದು ಬಂದೂಕೋ ಮೊಬೈಲೋ ಎಂದು ಗುರುತಿಸದೆ ಕುದುರೆ ಎಳೆಯುವಂತಿಲ್ಲ. ಹಳೆಯ ಇನ್ಸಾಸಿಗೆ ಇವನ್ನು ಕೂರಿಸುವ ರೈಲ್ (ಲೋಹದ ಪಟ್ಟಿ) ಇರಲಿಲ್ಲ. ಎಕೆ-203ರಲ್ಲಿ ಮೇಲ್ಮುಚ್ಚಳದ ಮೇಲೇ ಇದೆ.

ಗೇಮ್‌ಗಳಲ್ಲಿ .300 ಬ್ಲ್ಯಾಕೌಟ್ ಎಂಬ ಗುಂಡನ್ನು ಹೊಗಳುತ್ತಾರೆ. ನಿಜಕ್ಕೂ ಅಷ್ಟು ಒಳ್ಳೆಯದೆ? – ತಿಪಟೂರು

ಗಿಡ್ಡ ನಳಿಗೆಗೆಂದೇ ಹುಟ್ಟಿದ ಗುಂಡು ಅದು. ಒಂಬತ್ತು ಇಂಚಿನ ನಳಿಗೆಯಲ್ಲೇ ಮದ್ದು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. 220 ಗ್ರೇನಿನ ಭಾರದ ಗುಂಡು ಶಬ್ದಕ್ಕಿಂತ ಕಡಿಮೆ ವೇಗದಲ್ಲಿ, ಸೆಕೆಂಡಿಗೆ ಸುಮಾರು 310 ಮೀಟರಿನಲ್ಲಿ ಹೋಗುವುದರಿಂದ ಸಪ್ರೆಸರ್ (ಮೂತಿಗೆ ಹಾಕುವ ಸದ್ದಡಗಿಸುವ ಕೊಳವೆ) ಜೊತೆ ಸದ್ದು ನಿಜವಾಗಿ ತಗ್ಗುತ್ತದೆ. ಎಂ4 ಮಾದರಿಯ ರೈಫಲ್‌ಗೆ ನಳಿಗೆಯೊಂದನ್ನು ಬದಲಿಸಿದರೆ ಸಾಕು, ಬೋಲ್ಟು ಮ್ಯಾಗಜೀನು ಎಲ್ಲ 5.56ರವೇ.

ಅಪಾಯವೂ ಅಲ್ಲೇ ಇದೆ. ಮ್ಯಾಗಜೀನ್ ಒಂದೇ ಆದ್ದರಿಂದ ಈ ತೋಟಾ 5.56ರ ರೈಫಲ್‌ಗೆ ಹೋಗಿ ಕೂತುಬಿಡಬಹುದು. 7.8 ಮಿ.ಮೀ. ದಪ್ಪದ ಗುಂಡನ್ನು 5.7 ಮಿ.ಮೀ. ನಳಿಗೆಗೆ ತಳ್ಳಿದರೆ ರೈಫಲ್ ಒಡೆಯುತ್ತದೆ. ಎರಡೂ ಕ್ಯಾಲಿಬರ್ ಇರುವ ತುಕಡಿಯಲ್ಲಿ ಮ್ಯಾಗಜೀನಿನ ಬಣ್ಣವೇ ಬೇರೆ ಇರಬೇಕು, ಕತ್ತಲಲ್ಲಿ ಕೈಗೆ ಗೊತ್ತಾಗುವಂತೆ ಪಟ್ಟಿ ಸುತ್ತಿರಬೇಕು. ಚಿಕ್ಕ ವಿಶೇಷ ತಂಡಕ್ಕೆ ಚೆನ್ನ. ಇಡೀ ಸೇನೆಗೆ ಬೇಡ.

ಅಮೆರಿಕ 6.8 ಮಿ.ಮೀ.ಗೆ ಹೋಗಿದೆಯಲ್ಲ, ನಾವೂ ಹೋಗಬೇಡವೆ? – ಪಾವಗಡ

2022ರ ಏಪ್ರಿಲ್‌ನಲ್ಲಿ ಅವರು ಆರಿಸಿದ 6.8×51 ದೂರದಲ್ಲಿರುವ ಜಾಕೆಟ್ಟುಧಾರಿಯನ್ನು ಭೇದಿಸಲೆಂದು ಮಾಡಿದ್ದು. ಸೈನಿಕ ಹೊರುವ ಗುಂಡು 210ರಿಂದ 140ಕ್ಕೆ ಇಳಿಯುತ್ತದೆ, ಧಕ್ಕೆ ಹೆಚ್ಚು, ಗೋಡೆ ದಾಟುವ ಶಕ್ತಿಯೂ ಹೆಚ್ಚು. ಕೋಣೆಯೊಳಗಿನ ಕೆಲಸಕ್ಕೆ ಇವೆಲ್ಲ ಹಿನ್ನಡೆಯೇ. ನಮ್ಮಲ್ಲಿ 5.56, 7.62×39, 7.62×51 ಎಂದು ಈಗಾಗಲೇ ಮೂರು ರೈಫಲ್ ಗುಂಡುಗಳಿವೆ. ನಾಲ್ಕನೆಯದು ಬೇಡ.

ಪೊಲೀಸರ ಗುಂಡೇ ಬೇರೆ, ಸೇನೆಯ ಗುಂಡೇ ಬೇರೆ ಎನ್ನುವುದು ನಿಜವೆ? – ಕಾನೂನು ವಿದ್ಯಾರ್ಥಿನಿ, ತುಮಕೂರು

ಬೇರೆ ಇರಬಹುದು, ಅದಕ್ಕೆ ಕಾನೂನಿನ ಕಾರಣವಿದೆ. 1890ರ ದಶಕದಲ್ಲಿ ಕೋಲ್ಕತ್ತಾ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಮೈಗೆ ಹೊಕ್ಕಾಗ ಅರಳುವ ಗುಂಡನ್ನು ತಯಾರಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡನ್ನು ನಿಷೇಧಿಸಿತು. ಹಾಗಾಗಿ ಸೈನಿಕನದು ಪೂರ್ತಿ ಲೋಹದ ಹೊದಿಕೆಯ ಗುಂಡು. ಆ ಘೋಷಣೆ ಪೊಲೀಸರಿಗೆ ಅನ್ವಯಿಸುವುದಿಲ್ಲ. ಜನಜಂಗುಳಿಯ ನಡುವೆ ಗುಂಡು ಗುರಿಯಲ್ಲೇ ನಿಲ್ಲಲಿ, ಹಿಂದಿರುವವರಿಗೆ ತಾಗದಿರಲಿ ಎಂಬ ಕಾರಣಕ್ಕೆ ಹಲವು ದೇಶಗಳ ಪೊಲೀಸರು ಅರಳುವ ಗುಂಡನ್ನೇ ಬಳಸುತ್ತಾರೆ.

ತೋಟದ ಕಾವಲಿಗೆ ಇಂಥ ಕಾರ್ಬೈನಿಗೆ ಲೈಸೆನ್ಸ್ ಸಿಗುತ್ತದೆಯೆ? – ಬಾಗೇಪಲ್ಲಿ

ಇಲ್ಲ. ಸ್ವಯಂಚಾಲಿತ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನಿಷೇಧಿತ. 2019ರ ತಿದ್ದುಪಡಿಯ ನಂತರ ಅದನ್ನು ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ 7 ವರ್ಷ ಜೈಲು.

ಕೋಣೆಯೊಳಗೆ ರೈಫಲ್ ಹಾರಿಸಿದರೆ ಕಿವಿಯ ಗತಿಯೇನು? – ನರ್ಸಿಂಗ್ ವಿದ್ಯಾರ್ಥಿನಿ, ಕೋಲಾರ

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. 140 ಡೆಸಿಬೆಲ್ ದಾಟಿದ ಸ್ಫೋಟದ ಸದ್ದು ಒಂದೇ ಸಲಕ್ಕೂ ಕಿವಿಗೆ ಕಾಯಂ ಹಾನಿ ಮಾಡಬಲ್ಲದು. 5.56ರ ಕಾರ್ಬೈನ್ 160 ದಾಟುತ್ತದೆ. ನಳಿಗೆ ಗಿಡ್ಡವಾದಷ್ಟೂ ಮದ್ದು ಮೂತಿಯಾಚೆ ಉರಿಯುವುದರಿಂದ ಸದ್ದು, ಬೆಂಕಿ ಎರಡೂ ಹೆಚ್ಚು. ಮೂತಿಗೆ ಮಝಲ್ ಬ್ರೇಕ್ ಹಾಕಿದ್ದರೆ ಧಕ್ಕೆ ತಗ್ಗುತ್ತದೆ, ಆದರೆ ಗ್ಯಾಸು ಪಕ್ಕಕ್ಕೆ ಚಿಮ್ಮಿ ಜೊತೆಯವರ ಕಿವಿಗೆ ಬಡಿಯುತ್ತದೆ. ತಂಡವಾಗಿ ಕೋಣೆಗೆ ಹೋಗುವವರಿಗೆ ಅದು ಸಲ್ಲದು, ಜ್ವಾಲೆ ಮರೆಸುವ ಫ್ಲ್ಯಾಶ್ ಹೈಡರ್ ವಾಸಿ. ಸಪ್ರೆಸರ್ ಹಾಕಿದರೆ 25–30 ಡೆಸಿಬೆಲ್ ಇಳಿಯುತ್ತದೆ. ಕಿವಿ ಮುಚ್ಚದೆ ಇರುವಷ್ಟು ಇಳಿಯುವುದಿಲ್ಲ, ಆದರೆ ತಂಡದ ನಾಯಕನ ಕೂಗು ಕೇಳಿಸುತ್ತದೆ. ಮಾತನ್ನು ಬಿಟ್ಟು ಸ್ಫೋಟವನ್ನಷ್ಟೇ ತಡೆಯುವ ಎಲೆಕ್ಟ್ರಾನಿಕ್ ಇಯರ್‌ಮಫ್ ಹೆಲ್ಮೆಟ್ಟಿನಡಿಯಲ್ಲಿ ಹಾಕಿಕೊಳ್ಳುವಂಥದ್ದು ಸಿಗುತ್ತದೆ. ತರಬೇತಿಯ ಫೈರಿಂಗ್ ರೇಂಜಿನಲ್ಲಾದರೆ ಕಿವಿಯೊಳಗೆ ಫೋಮ್ ಪ್ಲಗ್, ಅದರ ಮೇಲೆ ಇಯರ್‌ಮಫ್ ಎರಡನ್ನೂ ಹಾಕಬೇಕು. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನು ಹಿಂದಕ್ಕೆಳೆದು ಒಳಕ್ಕೆ ಕೂರಿಸಿ, ಅದು ಹಿಗ್ಗಿ ತುಂಬಿಕೊಳ್ಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಕಾಣುತ್ತಿದ್ದರೆ ಅದು ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಬೇಕು. ಫೈರಿಂಗ್ ಮುಗಿದ ಮೇಲೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಮರುದಿನದವರೆಗೆ ಉಳಿದರೆ ಕಿವಿ ವೈದ್ಯರಿಗೆ ಅಂದೇ ತೋರಿಸಬೇಕು.